ಹತ್ತೊಂಬತ್ತನೇ ಸಾಲಿನ ಸೊನ್ನೆ

ಸೋಮವಾರ ಬೆಳಿಗ್ಗೆ ಏಳೂವರೆಗೆ, ಬೀಜದ ಕೇಂದ್ರದ ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ, ಅಷ್ಟರೊಳಗೇ ಜರಡಿಯಕ್ಕ ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದ್ದಳು. ಹೊಸದಾಗಿ ಬಂದ ಡಾಕ್ಟರಮ್ಮನ ಕೋಣೆಯ ಹಿಂದೆ, ಬಿಸಿಲು ಬೀಳುವ ಕಟ್ಟೆಯ ಮೇಲೆ ಹನ್ನೊಂದು ಕುಂಡಗಳಿದ್ದವು. ಕುಂಡ ಹೊಸದು, ಮಣ್ಣು ನಯವಾದದ್ದು, ಒಂದೊಂದಕ್ಕೂ ಒಂದೊಂದು ಚೀಟಿ ಬೇರೆ. ಒಳಗೆ ನಿಂತದ್ದು ಮಾತ್ರ ರಾಗಿಯ ವೇಷ ಹಾಕಿದ ಬೇರೇನೋ. ರಾಗಿಯದೇ ಎಲೆ, ರಾಗಿಯದೇ ಗಂಟು. ಆದರೆ ತೆನೆಯ ಬೆರಳುಗಳು ಬಡಕಲು, ಗಾಳಿ ಸೋಕಿದರೆ ಸಾಕು ಕಾಳು ಪುರಪುರ ಉದುರುತ್ತಿತ್ತು. ಏಳು ನಿಮಿಷದಲ್ಲಿ ಅವಳು ಹನ್ನೊಂದನ್ನೂ ಬೇರುಸಮೇತ ಕಿತ್ತು, ತೆನೆಗಳಿಗೆ ಹಳೆಯ ಪೇಪರ್ ಸುತ್ತಿ, ಒಂದೇ ಕಂತೆ ಕಟ್ಟಿ, ಡಾಕ್ಟರಮ್ಮನ ಬಾಗಿಲಿಗೆ ಒರಗಿಸಿ, ಹೊಗಳಿಕೆಗಾಗಿ ಕಾಯುತ್ತ ನಿಂತಳು.

ಡಾಕ್ಟರಮ್ಮ ಬಂದರು. ಕಂತೆ ನೋಡಿದರು. ಬಾಗಿ, ಪೇಪರ್ ಬಿಚ್ಚಿ ಇನ್ನೊಮ್ಮೆ ನೋಡಿದರು. ಆಮೇಲೆ ಕೈಯಲ್ಲಿದ್ದ ಬೀಗದ ಕೈಯನ್ನೇ ಮರೆತು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಇದನ್ನ ಯಾರಕ್ಕ ಕಿತ್ತಿದ್ದು?”

“ನಾನೇ ಅಮ್ಮ. ಯಾರೂ ಹೇಳಿರಲಿಲ್ಲ, ನಾನಾಗೇ ನೋಡಿದೆ. ನಿಮ್ಮ ಕುಂಡಕ್ಕೆ ಯಾರೋ ಬೆರಕೆ ಬೀಜ ಹಾಕಿಬಿಟ್ಟಿದಾರೆ. ಯಾರು ಅಂತ ನಂಗೊಂದು ಅನುಮಾನ ಇದೆ. ಈಗಲೇ ಹೇಳಲ್ಲ.”

“ನಾನೇ ಹಾಕಿದ್ದು ಅಕ್ಕ.”

ಜರಡಿಯಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

“ಬೀಜ ತರಿಸೋಕೆ ಎರಡು ವರ್ಷ ಕಾಗದ ಬರೆದೆ. ಬೆಳೆಸೋಕೆ ನಾಲ್ಕು ತಿಂಗಳು. ಚೀಟಿ ಅಂಟಿಸಿದ್ನಲ್ಲ, ನೋಡಲಿಲ್ವಾ?”

“ಚೀಟಿ ಯಾರು ಬೇಕಾದ್ರೂ ಬರೀತಾರೆ ಅಮ್ಮ. ನಾವು ಗಿಡ ನೋಡೋರು.”

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ನೀರು ತರಿಸಿ, ಒಂದೊಂದೇ ಗಿಡವನ್ನು ಮತ್ತೆ ಮಣ್ಣಿಗೆ ಕೂರಿಸತೊಡಗಿದರು. ಅವರು ಸಿಟ್ಟಾಗದಿದ್ದದ್ದೇ ಜರಡಿಯಕ್ಕನಿಗೆ ದೊಡ್ಡ ಅನುಮಾನವಾಯಿತು. ನಾಲ್ಕು ತಿಂಗಳ ಕೆಲಸ ಕಣ್ಣೆದುರು ಹಾಳಾದರೂ ಬಯ್ಯದವರು ಆ ಸಿಟ್ಟನ್ನು ಎಲ್ಲೋ ಕೂಡಿಡುತ್ತಿದ್ದಾರೆ ಎಂದೇ ಅರ್ಥ.

ಆ ಬೀಜದ ಕೇಂದ್ರದಲ್ಲಿ ಜರಡಿಯಕ್ಕನದು ಮೂವತ್ತೊಂದು ವರ್ಷದ ಅನುಮಾನ. ಅವಳಿಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಬಿತ್ತನೆಗೆಂದು ಬೆಳೆಸುವ ರಾಗಿಯಲ್ಲಿ ಬೇರೆ ತಳಿಯ ಗಿಡವೊಂದು ನುಸುಳಿದ್ದರೆ ಹುಡುಕಿ ಕೀಳಬೇಕು. ಕೇಂದ್ರದವರು ಇದನ್ನು ಬೆರಕೆ ಕೀಳುವುದು ಎನ್ನುತ್ತಾರೆ. ಎಳೆಬಿಸಿಲು ಬೆನ್ನಿಗೆ ಬೀಳುವಂತೆ ನಿಂತು ಅವಳು ಒಂದೊಂದೇ ಸಾಲು ಹಿಡಿದು ನಡೆಯುತ್ತಾಳೆ. ಗಿಡಗಳನ್ನು ನೋಡುವುದಿಲ್ಲ, ಸಾಲನ್ನು ನೋಡುತ್ತಾಳೆ. “ಊಟದ ಮನೇಲಿ ಕರೀದೆ ಬಂದೋನು ಯಾರು ಅಂತ ಮುಖ ನೋಡಿದ್ರೆ ಗೊತ್ತಾಗಲ್ಲ, ಕೂತಿರೋ ರೀತಿ ನೋಡಿದ್ರೆ ಗೊತ್ತಾಗುತ್ತೆ” ಎನ್ನುವುದು ಅವಳ ವಿವರಣೆ. ಸಿಕ್ಕಿಬಿದ್ದ ಗಿಡದ ತೆನೆಗೆ ಮೊದಲು ಕಾಗದದ ಚೀಲ ತೊಡಿಸುತ್ತಾಳೆ, ಕೈದಿಗೆ ಮುಸುಕು ಹಾಕಿದ ಹಾಗೆ. ಆಮೇಲೆ ಕಿತ್ತು, ಬೇಲಿಯಾಚೆ ಒಯ್ದು ಸುಡುತ್ತಾಳೆ. ಒಂದು ಕಾಳು ಹೊಲದಲ್ಲಿ ಉದುರಿದರೂ ಬರುವ ವರ್ಷ ಮಕ್ಕಳುಮರಿ ಸಮೇತ ಬಂದು ಬಿಡಾರ ಹೂಡುತ್ತದಂತೆ.

ಹೊಲದಲ್ಲಿ ರೂಢಿಯಾದದ್ದು ಮನೆಯಲ್ಲಿ ಸುಮ್ಮನಿದ್ದೀತೇ? ಹಾಲು ಕಾಯಿಸುವ ಮೊದಲು ಒಂದು ಹನಿ ಉಗುರಿನ ಮೇಲೆ ಬಿಟ್ಟು ನೋಡುತ್ತಾಳೆ. ಮಗಳು ಮದುವೆಯಾಗುವ ಹುಡುಗನನ್ನು ಮನೆಗೆ ಕರೆತಂದಾಗ ಅವನ ಕಿವಿಯನ್ನೂ ಅವನಪ್ಪನ ಕಿವಿಯನ್ನೂ ಪಕ್ಕಪಕ್ಕ ಕೂರಿಸಿ ಹೋಲಿಸಿದ್ದಳು. ಕಿವಿ ಹೊಂದಿತು, ಅಳಿಯನಿಗೆ ಹೇಳಿದ ಕಿವಿಮಾತು ಮಾತ್ರ ಇವತ್ತಿಗೂ ಹೊಂದಿಲ್ಲ. ಗಂಡ ಬೀಗದ ಕೈ ಮಾಡಿಕೊಡುವವನು. ಊರಿನ ಅರ್ಧ ಬಾಗಿಲುಗಳು ಅವನ ಕೈಗೆ ತೆರೆದುಕೊಳ್ಳುತ್ತವೆ; ತನ್ನ ಮನೆಯ ಬಾಗಿಲ ಕೀಲಿ ಮಾತ್ರ ಹೆಂಡತಿಯ ಸೊಂಟದಲ್ಲಿ.

ಜರಡಿಯಕ್ಕ ಎಂದು ಹೆಸರಿಟ್ಟವನು ಗೋದಾಮಣ್ಣ, ಅಂದರೆ ಗೋದಾಮು ನೋಡಿಕೊಳ್ಳುವವನು. “ಜರಡೀಲಿ ಒಳ್ಳೇ ಕಾಳೆಲ್ಲ ಸೋರಿಹೋಗಿ ಕಸ ಒಂದೇ ಮೇಲೆ ಉಳಿಯುತ್ತಲ್ಲ, ನಮ್ಮಕ್ಕನ ತಲೆಯೂ ಹಂಗೇ” ಎಂದು ಚಹಾ ಕುಡಿಯುವಾಗ ಅವನೊಮ್ಮೆ ಹೇಳಿದ, ಹೆಸರು ಅಂಟಿಕೊಂಡಿತು. ಅವನ ಮೇಲೆ ಅವಳ ದೂರುಗಳ ಪಟ್ಟಿ ಉದ್ದವಿದೆ. ಎರಡು ತಳಿಯ ರಾಗಿಯನ್ನು ಒಂದೇ ತಾಡಪಾಲಿನ ಮೇಲೆ ಒಣಹಾಕುತ್ತಾನೆ. ಕಸಪೊರಕೆ ಕೊಡವುವುದಿಲ್ಲ. ಹಿಂದೊಮ್ಮೆ ಅವನು ಕೊಟ್ಟ ರಬ್ಬರ್ ಬೂಟುಗಳು ಎರಡೂ ಎಡಗಾಲಿನವಾಗಿದ್ದವು. ಕೇಳಿದರೆ, ಬಂದದ್ದೇ ಹಾಗೆ ಅಂದ. ಹಾಗಾದರೆ ಎರಡು ಬಲಗಾಲು ಯಾರ ಪಾಲಾದವು ಎಂಬುದು ಅವಳು ಇನ್ನೂ ಮುಚ್ಚದ ತನಿಖೆ. ಆವತ್ತಿನಿಂದ ಇಬ್ಬರ ನಡುವೆ ನೇರ ಮಾತಿಲ್ಲ; ಗೋಡೆಗೆ ಹೇಳುತ್ತಾರೆ, ಗೋಡೆ ತಲುಪಿಸುತ್ತದೆ.

ಇಷ್ಟೆಲ್ಲ ಅನುಮಾನದ ನಡುವೆ ಅವಳು ನಂಬಿದ್ದು ಒಂದನ್ನೇ: ಹದಿನಾಲ್ಕನೇ ತಾಕು. ಹತ್ತೊಂಬತ್ತು ಸಾಲಿನ ಆ ತುಂಡು ಹೊಲದಲ್ಲಿ ಬೆಳೆಯುವುದು ಕರಿಮುಷ್ಟಿ ಎಂಬ ಹಳೆಯ ರಾಗಿ. ತೆನೆ ಬಿಗಿಹಿಡಿದ ಮುಷ್ಟಿಯಂತೆ, ಕಾಳು ಕಪ್ಪೆನಿಸುವಷ್ಟು ಕೆಂಪು. ಸುತ್ತಲ ಬೇಸಾಯಗಾರರು ತಾತಂದಿರ ಕಾಲದಿಂದ ಬಿತ್ತಿಕೊಂಡು ಬಂದದ್ದು. ಅದರ ಮೂಲಬೀಜ ಕೆಡದಂತೆ ಕಾಯುವ ಹೊಲ ಇದೊಂದೇ. ಚೀಲದ ಮೇಲೆ ‘ಅಪ್ಪಟ’ ಎಂದು ಅಚ್ಚು ಬೀಳುತ್ತದೆ. ಅಚ್ಚು ಹಾಕುವುದು ಕಚೇರಿ. ಅದು ನಿಜವಾಗುವುದು ತನ್ನ ಕಣ್ಣಿನಿಂದ ಎಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕರಲ್ಲಿ ಬೆರಕೆ ಉಳಿದದ್ದಿಲ್ಲ ಎನ್ನುವ ಮಾತೇ ಅವಳ ಆಸ್ತಿ, ಅವಳ ಸರ್ಟಿಫಿಕೇಟು.

ಅಂಥ ಹದಿನಾಲ್ಕಕ್ಕೇ ಡಾಕ್ಟರಮ್ಮ ಕೈ ಹಾಕಿದರು. ಕುಂಡದ ಪ್ರಸಂಗ ಮುಗಿದು ವಾರವಾಗಿತ್ತು. ಹನ್ನೊಂದರಲ್ಲಿ ನಾಲ್ಕು ಗಿಡ ಮಾತ್ರ ಚೇತರಿಸಿಕೊಂಡಿದ್ದವು. ಒಂದು ಬೆಳಿಗ್ಗೆ ಡಾಕ್ಟರಮ್ಮ ಫೈಲಿಗೆ ತೂತು ಮಾಡುವ ಯಂತ್ರ ಹಿಡಿದು ಸಾಲಿನೊಳಗೆ ಬಂದು, ಕರಿಮುಷ್ಟಿಯ ಎಲೆಗಳಿಗೆ ಟಕ್ ಟಕ್ ಎಂದು ತೂತು ಹೊಡೆದು, ಆ ಬಿಲ್ಲೆಗಳನ್ನು ಬೆರಳಿನ ಗಾತ್ರದ ಕೊಳವೆಗಳಲ್ಲಿ ತುಂಬತೊಡಗಿದರು.

“ಎಲೆಗೆ ಯಾಕಮ್ಮ ಕಿವಿ ಚುಚ್ತೀರಾ?”

“ಇದರ ಮೂಲ ತಿಳಿಯೋಕೆ ಅಕ್ಕ. ಎಲ್ಲಿಂದ ಬಂತು, ಯಾರ ಸಂಬಂಧ ಅಂತ. ಪ್ರತಿ ಬಿಲ್ಲೇಲೂ ಬರೆದಿರುತ್ತೆ.”

“ಎಲ್ಲಿಂದ ಬರುತ್ತೆ? ಇಲ್ಲೀದೇ.”

ಇವರು ಡಾಕ್ಟರು ನಿಜ, ಆದರೆ ಜ್ವರಕ್ಕೆ ಗುಳಿಗೆ ಕೊಡುವವರಲ್ಲ; ವಂಶವಾಹಿಗಳನ್ನು ಓದಿದವರು. ತಮಗೇ ನೆಗಡಿಯಾದರೆ ಬೇರೆ ಡಾಕ್ಟರ ಸಾಲಿನಲ್ಲಿ ನಿಲ್ಲಬೇಕಾದವರು. ಅವರು ಅಕ್ಕನನ್ನು ಕಟ್ಟೆಯ ಹತ್ತಿರ ಕರೆದೊಯ್ದು, ಬದುಕಿ ಉಳಿದ ಕುಂಡಗಳ ಮುಂದೆ ನಿಲ್ಲಿಸಿದರು.

“ನೀವು ಅವತ್ತು ಕಿತ್ತಿರಲ್ಲ, ಇದು ಕಾಡುರಾಗಿ. ನಮ್ಮ ರಾಗಿಯ ತಾಯಿ. ಕಡಲಾಚೆ, ದೂರದ ಬೆಟ್ಟದ ಸೀಮೆಯಲ್ಲಿ ಸುಮಾರು ಐದು ಸಾವಿರ ವರ್ಷದ ಹಿಂದೆ ಇದನ್ನ ಜನ ಮನೆಬೆಳೆ ಮಾಡಿಕೊಂಡ್ರು. ಆಮೇಲೆ ದೋಣೀಲಿ ಊರೂರು ಸುತ್ತಿತು.”

“ತಾಯಿ ಅಂತೀರಾ. ಕಾಳು ನಿಲ್ಲಲ್ಲ, ಮುಟ್ಟಿದ್ರೆ ಉದುರುತ್ತೆ.”

“ಅದೇ ವಿಷಯ. ಕಾಡಿನ ಗಿಡ ಕಾಳನ್ನ ಉದುರಿಸ್ಲೇಬೇಕು, ಇಲ್ಲದಿದ್ರೆ ಅದರ ವಂಶ ಬೆಳೆಯಲ್ಲ. ಎಲ್ಲೋ ಒಂದು ಗಿಡ ಉದುರಿಸೋದು ಮರೆತು ನಿಂತಿತ್ತು. ಅದನ್ನ ಯಾರೋ ಒಬ್ಬಳು ಕೊಯ್ದು ತಂದು ಬಿತ್ತಿದಳು. ಹಾಗೆ ಹಾಗೆ ಆದದ್ದು ನಮ್ಮ ರಾಗಿ. ಲೆಕ್ಕಕ್ಕೆ ಹಿಡಿದ್ರೆ ಆ ಕಾಡಿನ ಸಾಲಲ್ಲಿ ನಮ್ಮದೇ ಬೆರಕೆ ಅಕ್ಕ.”

ಜರಡಿಯಕ್ಕ ಸುತ್ತ ನೋಡಿದಳು. ಇಂಥ ಮಾತು ಗೋದಾಮಣ್ಣನ ಕಿವಿಗೆ ಬಿದ್ದರೆ ಕಷ್ಟ.

ಡಾಕ್ಟರಮ್ಮ ಬಾಗಿ, ಕಟ್ಟೆಯ ಸಂದಿಯಲ್ಲಿ ಬೆಳೆದಿದ್ದ ಹುಲ್ಲೊಂದನ್ನು ಎಳೆದರು. ನೆಲಕ್ಕೆ ಚಪ್ಪಟೆಯಾಗಿ ಹಬ್ಬಿ, ತುದಿಯಲ್ಲಿ ನಾಲ್ಕೈದು ಬೆರಳು ಚಾಚುವ, ಕೀಳಲು ಹೋದರೆ ಕೈಯನ್ನೇ ಕುಯ್ಯುವ ಗಟ್ಟಿ ಹುಲ್ಲು. ಎಲ್ಲರ ಅಂಗಳದಲ್ಲೂ ಇರುತ್ತದೆ. ರಸ್ತೆಬದಿಯಲ್ಲಂತೂ ಕೇಳುವುದೇ ಬೇಡ.

“ಇದು ಅಜ್ಜಿ.”

“ಇದಾ? ಇದನ್ನ ದಿನಾ ಕಿತ್ತು ಎಸೀತೀನಲ್ಲಮ್ಮ.”

“ಈ ಹುಲ್ಲಿನ ವಂಶಕ್ಕೂ ಇನ್ನೊಂದು ಹುಲ್ಲಿಗೂ ಯಾವುದೋ ಕಾಲದಲ್ಲಿ ಸಂಬಂಧ ಕೂಡಿ ಕಾಡುರಾಗಿ ಹುಟ್ಟಿತು.”

“ಇನ್ನೊಂದು ಯಾವುದು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ಪ್ರಪಂಚದವರೆಲ್ಲ ಹುಡುಕ್ತಿದಾರೆ. ಸಿಕ್ಕಿಲ್ಲ. ಆ ಹುಲ್ಲು ಅಳಿದೇ ಹೋಗಿರಬಹುದು.”

ಆ ಸಂಜೆ ಅವಳು ಗಂಡನ ಅಂಗಡಿಗೆ ಹೋಗಿ ಕುಳಿತಳು. ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲಿನ ಕೆಳಗಿನ ಗೂಡು. ಮೂರು ಗೋಡೆಗೂ ಕೀಲಿಗಳು ನೇತಾಡುತ್ತವೆ.

“ತಾತ ಯಾರು ಅಂತಲೇ ಗೊತ್ತಿಲ್ವಂತೆ ರೀ. ಅಜ್ಜಿ ನೋಡಿದ್ರೆ ಬೀದಿಬದಿಯೋಳು. ಇಂಥದ್ದರ ಶುದ್ಧಿ ಕಾಯೋಕೆ ನಾನು ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿದೀನಿ.”

“ನಿಮ್ಮ ತಾತನ ತಾತ ಯಾರು ಅಂತ ನಿಂಗೊತ್ತೇನೇ?” ಎಂದ ಗಂಡ, ಅರದಿಂದ ಕೀಲಿಯೊಂದನ್ನು ಉಜ್ಜುತ್ತ.

“ನಮ್ಮ ವಂಶದ ಸುದ್ದಿ ನಿಮಗೆ ಬೇಡ.”

ಮೂರು ವಾರಕ್ಕೆ ಎಲೆಬಿಲ್ಲೆಗಳು ಬಾಯಿಬಿಟ್ಟವು. ಕರಿಮುಷ್ಟಿಯೊಳಗೆ ಕಾಡುರಾಗಿಯ ತುಣುಕೊಂದು ಸೇರಿಕೊಂಡಿತ್ತು. ಐದು ಸಾವಿರ ವರ್ಷ ಹಳೆಯದಲ್ಲ, ಇತ್ತೀಚಿನದು. ಗೋದಾಮಿನ ತಣ್ಣನೆಯ ಕೋಣೆಯಲ್ಲಿ ಪ್ರತಿ ವರ್ಷದ ಬೀಜಕ್ಕೂ ಒಂದೊಂದು ಜಾಡಿ ಇರುತ್ತದೆ. ಡಾಕ್ಟರಮ್ಮ ಎಲ್ಲ ಜಾಡಿಗಳನ್ನೂ ಪರೀಕ್ಷಿಸಿದರು. ಏಳು ವರ್ಷದ ಹಿಂದಿನವರೆಗೆ ಏನೂ ಇಲ್ಲ. ಆ ವರ್ಷದ ಜಾಡಿಯಿಂದ ಈಚೆಗೆ ಇದೆ. ಅದಕ್ಕೆ ಹಿಂದಿನ ವರ್ಷ ಈಗ ನಿವೃತ್ತರಾದ ಹಳೆಯ ಡಾಕ್ಟರು ತಮ್ಮ ಸಂಶೋಧನೆಗೆಂದು ಬೇಲಿಯ ಪಕ್ಕ ಎರಡು ಸಾಲು ಕಾಡುರಾಗಿ ಬೆಳೆಸಿದ್ದರು. ಅದರ ಪರಾಗ ಹಾರಿ ಹದಿನಾಲ್ಕರ ಯಾವುದೋ ತೆನೆಗೆ ಕೂತಿತ್ತು. ಆ ಕಾಳು ಮರುವರ್ಷ ಗಿಡವಾಗಿ ಸಾಲಿನಲ್ಲಿ ನಿಂತಿದ್ದಾಗ, ಯಾರೋ ಅದನ್ನು ಕೀಳದೆ ಬಿಟ್ಟಿದ್ದರು.

ಯಾರೋ ಎಂದರೆ ಯಾರು? ಕೀಳುವವಳು ಒಬ್ಬಳೇ.

ಕೇಂದ್ರದ ಮುಖ್ಯಸ್ಥರಾದ ದೊಡ್ಡ ಸಾಹೇಬರು ಇಪ್ಪತ್ತನೇ ತಾರೀಕಿಗೆ ಸಭೆ ಕರೆದರು. ಹದಿನಾಲ್ಕನ್ನು ಇನ್ನುಮೇಲೆ ಯಾರಿಗೆ ವಹಿಸುವುದು ಎಂದು ಅಲ್ಲಿ ತೀರ್ಮಾನವಂತೆ. ಮೇಲೆ ಹಾರಿ ಫೋಟೊ ತೆಗೆದು ಬೆರಕೆ ಗಿಡ ತೋರಿಸುವ ಡ್ರೋನ್ ಬಂದಿದೆಯಂತೆ. ಅದಕ್ಕೆ ಬೆನ್ನು ನೋಯುವುದಿಲ್ಲವಂತೆ. ಈ ಎಲ್ಲ ‘ಅಂತೆ’ಗಳ ಸಂತೆಯನ್ನು ಗೋದಾಮಣ್ಣ ಗೋಡೆಗೆ ಹೇಳಿದ, ಅಕ್ಕ ಗೋಡೆಯಿಂದ ಕೇಳಿಸಿಕೊಂಡಳು. ಹೊಲ ಕೈತಪ್ಪಿದರೆ ಅವಳಿಗೆ ಉಳಿಯುವುದು ಚೀಲಕ್ಕೆ ಹೊಲಿಗೆ ಹಾಕುವ ಕೆಲಸ. ಕೆಲಸಕ್ಕೆ ಅವಳು ಹೆದರಲಿಲ್ಲ. ಹದಿನಾಲ್ಕರಲ್ಲಿ ಬೆರಕೆ ಬಿಟ್ಟವಳು ಎಂದು ತನ್ನನ್ನೇ ತೋರಿಸಿದರೆ? ರಾಗಿಗಾದರೂ ತೆನೆಗೆ ಆರೇಳು ಬೆರಳು. ಕೇಂದ್ರದಲ್ಲಿ ಇಪ್ಪತ್ತೆರಡು ಜನ, ತೋರಿಸಲು ಇಪ್ಪತ್ತೆರಡು ಬೆರಳು.

ಅವಳು ತನಿಖೆಗಿಳಿದಳು.

ಮೊದಲ ಆರೋಪಿ ಗೋದಾಮಣ್ಣ. ಅವನು ಊಟಕ್ಕೆ ಹೋದಾಗ ಗೋದಾಮಿಗೆ ನುಗ್ಗಿ ತಾಡಪಾಲಿನ ಮಡಿಕೆಗಳನ್ನು ಕೊಡವಿದಳು, ಪೊರಕೆಯ ಕಡ್ಡಿಗಳನ್ನು ಬಿಡಿಸಿದಳು. ಸಿಕ್ಕಿದ್ದು ಹನ್ನೆರಡು ಕಾಳು, ಒಂದು ಜಿರಲೆ. ತಿರುಗಿ ನೋಡಿದರೆ ಬಾಗಿಲಲ್ಲಿ ಗೋದಾಮಣ್ಣ ನಿಂತಿದ್ದ.

“ಕೆಲವರು ಪೊರಕೆ ಹಿಡಿದದ್ದು ನೋಡಿ ಸಂತೋಷ ಆಯ್ತು” ಎಂದ, ಗೋಡೆಗೆ.

“ಏಳು ವರ್ಷದ ಹಿಂದೆ ಜಾಡಿಗೆ ಬೀಜ ತುಂಬಿದ್ದು ಯಾರು ಅಂತ ಕೆಲವರಿಗೆ ನೆನಪಿರಬಹುದು” ಎಂದಳು ಅವಳೂ ಗೋಡೆಗೆ. “ಮರುವರ್ಷ ಹದಿನಾಲ್ಕರಲ್ಲಿ ಇದ್ದಕ್ಕಿದ್ದ ಹಾಗೆ ನಲವತ್ತೊಂದು ಬೆರಕೆ ಸಿಕ್ತು. ಅಲ್ಲೀವರೆಗೆ ಐದು, ಆರು, ಅಷ್ಟೇ. ಗೋದಾಮಲ್ಲಿ ಕಲಸಿದ್ರೆ ತಾನೆ ಹಂಗಾಗೋದು?”

“ತುಂಬಿದ್ದು ನಾನೇ. ಹೊಲದಿಂದ ಬಂದದ್ದನ್ನ ತುಂಬಿದೆ. ಆ ವರ್ಷದ್ದು ಸಾಲಿಗೊಂದು ಪೊಟ್ಟಣ ಬೇರೆ ಬೇರೆ ಇಟ್ಟಿದೀನಿ, ಹತ್ತೊಂಬತ್ತೂ. ಡಾಕ್ಟರಮ್ಮಂಗೆ ನಿನ್ನೆ ಕೊಟ್ಟೆ. ಯಾವ ಸಾಲು ಅಂತ ಗೊತ್ತಾಗುತ್ತೆ ಬಿಡಿ.”

ಅವನ ಧ್ವನಿಯಲ್ಲಿ ಹೆದರಿಕೆ ಇರಲಿಲ್ಲ. ತಪ್ಪು ಮಾಡಿದವನಿಗೆ ಇರಬೇಕಾದ ಹೆದರಿಕೆ ಇಲ್ಲವೆಂದರೆ, ಎಷ್ಟು ಪಳಗಿದವನಿರಬೇಡ ಎಂದುಕೊಂಡಳು.

ಎರಡನೆಯ ಆರೋಪಿ ಡಾಕ್ಟರಮ್ಮ. ಹನ್ನೊಂದು ಗಿಡದ ಸೇಡು. ಇಲ್ಲದ ಕಾಡನ್ನು ಹೊಲದಲ್ಲಿ ತೋರಿಸುವುದು ಓದಿದವರಿಗೆ ಎಷ್ಟರ ಮಾತು? ಆದರೆ ಆಯಮ್ಮ ಸಿಕ್ಕಿದಲ್ಲೆಲ್ಲ “ಅಕ್ಕ, ಊಟ ಆಯ್ತಾ?” ಎನ್ನುತ್ತಿದ್ದರು. ಸೇಡಿನವರು ಹೊಟ್ಟೆಯ ವಿಚಾರ ಕೇಳುವುದಿಲ್ಲ. ಅಥವಾ ಅದಕ್ಕೇ ಕೇಳುತ್ತಾರೆ. ಈ ಎರಡರ ನಡುವೆ ಅವಳ ಮೂರು ದಿನ ಕಳೆಯಿತು.

ನಾಲ್ಕನೆಯ ದಿನ ಡಾಕ್ಟರಮ್ಮ ಹೊಲದ ಅಂಚಿಗೇ ಬಂದರು.

“ಅಕ್ಕ, ಗೊತ್ತಾಯ್ತು. ಹದಿನೆಂಟು ಪೊಟ್ಟಣ ಚೊಕ್ಕ. ಹತ್ತೊಂಬತ್ತನೇ ಸಾಲಲ್ಲಿ ಮಾತ್ರ ಇದೆ. ಒಂದೇ ಗಿಡ ಇದ್ದಿರಬೇಕು. ನಿಮಗೇನಾದ್ರೂ ನೆನಪಿದೆಯಾ?”

“ಏಳು ವರ್ಷ ಆಯ್ತಲ್ಲಮ್ಮ” ಎಂದಳು. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಕಿತ್ತ ಗಿಡಗಳ ಪುಸ್ತಕವೊಂದಿತ್ತು. ಪ್ರತಿ ಹಂಗಾಮಿಗೂ ಮೂರು ಸುತ್ತು. ಪ್ರತಿ ಸುತ್ತಿಗೂ ಸಾಲುವಾರು ಎಷ್ಟು ಬೆರಕೆ ಸಿಕ್ಕಿತು ಎಂದು ಅವಳೇ ಬರೆಯುತ್ತಾಳೆ. ಮೊದಲೆರಡು ಸುತ್ತಿನಲ್ಲಿ ಕಾಡುರಾಗಿಯೂ ಸಾಧು. ತೆನೆ ಬಲಿತು ಮುಖ ಬಯಲಾಗುವುದು ಮೂರನೆಯ ಸುತ್ತಿನಲ್ಲೇ. ಅಕ್ಕ ಆ ವರ್ಷದ ಪುಸ್ತಕವನ್ನು ಕಪಾಟಿನಿಂದ ತೆಗೆದು ಬುತ್ತಿಚೀಲದಲ್ಲಿ ಹಾಕಿಕೊಂಡು ನೇರ ಗಂಡನ ಗೂಡಿಗೆ ಹೋದಳು. ಮೂರನೆಯ ಸುತ್ತಿನ ಹಾಳೆ ತೆರೆದಳು. ಒಂದನೇ ಸಾಲು, ಸೊನ್ನೆ. ಎರಡು, ಒಂದು ಗಿಡ. ಮೂರು, ಸೊನ್ನೆ. ಹೀಗೇ ಇಳಿದು ಇಳಿದು ಹತ್ತೊಂಬತ್ತಕ್ಕೆ ಬಂದರೆ, ಅಲ್ಲಿಯೂ ಸೊನ್ನೆ.

ಆದರೆ ಆ ಸೊನ್ನೆ ಅವಳಿಗೆ ಹಿಡಿಸಲಿಲ್ಲ. ಉಳಿದವೆಲ್ಲ ಅವಸರದ ಸೊನ್ನೆಗಳು, ಬಾಯಿ ಸರಿಯಾಗಿ ಮುಚ್ಚದವು. ಇದನ್ನು ಮಾತ್ರ ನಿಧಾನವಾಗಿ, ಎರಡು ಸಲ ಸುತ್ತಿ ಬರೆದಿತ್ತು. ಸುಳ್ಳು ಹೇಳುವವರು ಒಂದೇ ಮಾತನ್ನು ಎರಡೆರಡು ಸಲ ಹೇಳುವುದನ್ನು ಅವಳು ಎಷ್ಟು ಕಂಡಿಲ್ಲ.

“ರೀ, ಇದನ್ನ ನೋಡಿ. ಯಾರೋ ನನ್ನ ಪುಸ್ತಕದಲ್ಲಿ ಕೈಯಾಡಿಸಿದಾರೆ. ಇದು ಗೋದಾಮಿನೋನ ಸೊನ್ನೆ ಇರಬೇಕು.”

ಗಂಡ ಕೀಲಿಯ ಹಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಾಳೆಯ ಮೇಲೆ ಬಗ್ಗಿದ. ಒಂದರಿಂದ ಹತ್ತೊಂಬತ್ತರವರೆಗೆ ಎಲ್ಲ ಸೊನ್ನೆಗಳನ್ನೂ ಬೀಗ ನೋಡಿದ ಹಾಗೆ ನೋಡಿದ.

“ನೀನು ಸೊನ್ನೇನ ಕೆಳಗಿಂದ ಶುರು ಮಾಡ್ತೀಯ. ಪ್ರಪಂಚದಲ್ಲಿ ಇನ್ಯಾರೂ ಹಂಗೆ ಬರೆಯಲ್ಲ. ಇದೂ ಕೆಳಗಿಂದಲೇ ಶುರುವಾಗಿದೆ.”

“ಸರಿಯಾಗಿ ನೋಡಿ.”

“ನೋಡೇ, ಕೀಲಿ ಕಳುವಾಗಿದೆ ಅಂತ ಬರೋರು ಹತ್ತು ಜನರ ಮೇಲೆ ಅನುಮಾನ ಹೇಳ್ತಾರೆ. ಕೆಲಸದೋಳು, ಪಕ್ಕದ ಮನೆಯೋನು, ಭಾವಮೈದುನ. ಅರ್ಧಕ್ಕರ್ಧ ಸಲ ಕೀಲಿ ಅವರ ಜೇಬಲ್ಲೇ ಇರುತ್ತೆ.”

ಅವಳು ಪುಸ್ತಕವನ್ನು ಎಳೆದುಕೊಂಡಳು. ತಾರೀಕು ನೋಡಿದಳು. ತಾರೀಕಿನ ಪಕ್ಕದಲ್ಲಿ ‘ಕೆಸರು’ ಎಂದು ಬರೆದಿತ್ತು. ಆಗ ಎಲ್ಲ ನೆನಪಾಯಿತು: ಪಂಪ್‌ಸೆಟ್ಟಿನ ಮನೆ, ಅದರ ತೊಟ್ಟಿಯ ಕಟ್ಟೆ, ಹತ್ತಿರದಲ್ಲೇ ಇದ್ದೂ ಬಹಳ ದೂರ ಅನಿಸಿದ್ದ ಆ ಕೊನೆಯ ಸಾಲು, ಮಂಡಿಯ ಮೇಲೆ ಇಟ್ಟುಕೊಂಡು ಬರೆದ ಆ ಸೊನ್ನೆ. ಹತ್ತೊಂಬತ್ತನೇ ಸಾಲನ್ನು ಅವಳು ಆ ದಿನ ನಡೆದೇ ಇರಲಿಲ್ಲ. ನಡೆಯದ ಸಾಲಿಗೆ ಸೊನ್ನೆ ಬರೆದಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದೇ ಸಲ, ಒಂದೇ ಸಾಲು.

“ಏನಾಯ್ತೇ?”

“ಏನಿಲ್ಲ. ಅಂಗಡಿ ಮುಚ್ಚಿ, ಮನೆಗೆ ಹೋಗೋಣ.”

ಅಂದು ಮನೆಯ ಬೀಗ ತೆಗೆಯುವಾಗ ಅವಳು ಕೀಲಿಯನ್ನು ಗಂಡನ ಕೈಗೆ ಕೊಟ್ಟಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೀಗಾದದ್ದು ಮೊದಲು. ಏನೋ ಎಡವಟ್ಟಾಗಿದೆ ಎಂದು ಈ ಸಲ ಅವನಿಗೆ ಅನುಮಾನ ಬಂತು.

ಇಪ್ಪತ್ತನೇ ತಾರೀಕು ಸಭಾಂಗಣಕ್ಕೆ ಹೋಗುವಾಗ ಪುಸ್ತಕ ಚೀಲದಲ್ಲಿತ್ತು. ಕೇಳಿದರೆ ತೆಗೆದಿಡುವುದು, ಆಮೇಲೆ ಚೀಲ ಹೊಲಿಯಲು ಹೋಗುವುದು ಎಂದು ತೀರ್ಮಾನಿಸಿದ್ದಳು. ಒಳಗೆ ಹೋದರೆ ಎಲ್ಲವೂ ಅನುಮಾನಾಸ್ಪದ. ಮುಂದಿನ ಸಾಲಿನ ಕುರ್ಚಿಗೆ ಬಟ್ಟೆ ಹೊದಿಸಿದ್ದರು. ದೊಡ್ಡ ಸಾಹೇಬರು ನಗುತ್ತ “ಬನ್ನಿ ಅಕ್ಕ, ಇಲ್ಲೇ ಕೂತ್ಕೊಳ್ಳಿ” ಎಂದು ಅದನ್ನೇ ತೋರಿಸಿದರು. ಮೇಲಿನ ಕಚೇರಿಯಿಂದ ಬಂದ ದಪ್ಪ ಕನ್ನಡಕದ ಹಿರಿಯರೊಬ್ಬರು ಎದ್ದುನಿಂತು ಕೈಮುಗಿದರು. ಗೋದಾಮಣ್ಣ ಬಿಸ್ಕತ್ತಿನ ತಟ್ಟೆ ಹಿಡಿದು ಬಂದು, ನೇರವಾಗಿ ಅವಳಿಗೇ, “ತಗೊಳ್ಳಕ್ಕ” ಎಂದ. ನೇಣಿಗೆ ಹಾಕುವ ಮೊದಲು ಹೊಟ್ಟೆತುಂಬ ಬಡಿಸುತ್ತಾರೆ ಎಂದು ಅವಳು ಎಲ್ಲೋ ಕೇಳಿದ್ದಳು. ಬಿಸ್ಕತ್ತು ಮುಟ್ಟಲಿಲ್ಲ.

ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ಹಾಕಿದರು. ಐದು ವರ್ಷದ ಹಿಂದೆ ಬೆಂಕಿರೋಗ ಬಂದದ್ದು ಎಲ್ಲರಿಗೂ ನೆನಪಿತ್ತು. ತೆನೆಯ ಕತ್ತು ಕಪ್ಪಾಗಿ, ಕಾಳು ಕಟ್ಟದೆ, ಇಡೀ ಸೀಮೆಯ ರಾಗಿ ಜೊಳ್ಳಾದ ವರ್ಷ ಅದು. ಕರಿಮುಷ್ಟಿ ಬಿತ್ತಿದವರ ಹೊಲ ಮಾತ್ರ ಉಳಿದಿತ್ತು. ಹಳೆಯ ತಳಿ, ಅಪ್ಪಟ ತಳಿ, ಅದಕ್ಕೇ ಉಳಿಯಿತು ಎಂದು ಎಲ್ಲರೂ ಅಂದುಕೊಂಡಿದ್ದರು.

“ಅಲ್ಲ. ಉಳಿಸಿದ್ದು ಆ ಕಾಡಿನ ತುಣುಕು” ಎಂದರು ಡಾಕ್ಟರಮ್ಮ. “ಅದು ಸೇರೋದಕ್ಕಿಂತ ಹಿಂದಿನ ಜಾಡಿಗಳ ಬೀಜ ಬಿತ್ತಿ ರೋಗ ತಗುಲಿಸಿ ನೋಡಿದೆ, ಎಲ್ಲ ಸತ್ತವು. ಹತ್ತೊಂಬತ್ತನೇ ಸಾಲಿನ ಆ ಒಂದು ಗಿಡದಿಂದ ಬಂದವು ಮಾತ್ರ ನಿಂತವು. ಮರುವರ್ಷ ಅಕ್ಕ ನಲವತ್ತೊಂದು ಬೆರಕೆ ಕಿತ್ತರು. ಕಾಡಿನ ರೂಪ ಇದ್ದದ್ದನ್ನೆಲ್ಲ ತೆಗೆದು, ಗುಣ ಇದ್ದದ್ದನ್ನ ಉಳಿಸಿದ ಹಾಗಾಯ್ತು. ಸಾವಿರಾರು ವರ್ಷದ ಹಿಂದೆ ಯಾರೋ ಒಬ್ಬ ಹೆಣ್ಣುಮಗಳು, ಸಾಲಿಗೆ ಸೇರದ ಒಂದು ಗಿಡದ ಮುಂದೆ ನಿಂತು, ಕೀಳದೆ ಬಿಟ್ಟಳು. ಅದರಿಂದ ನಮಗೆ ರಾಗಿ ಸಿಕ್ತು. ನಮ್ಮ ಅಕ್ಕ ಮಾಡಿದ್ದೂ ಅದನ್ನೇ.”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗೋದಾಮಣ್ಣ. ಜರಡಿಯಕ್ಕ ತಿರುಗಿ ಅವನ ಅಂಗೈಗಳನ್ನು ನೋಡಿದಳು, ಒಳಗೇನಾದರೂ ಬಚ್ಚಿಟ್ಟಿದ್ದಾನೋ ಎಂದು.

ದೊಡ್ಡ ಸಾಹೇಬರು ಎದ್ದರು. “ಡ್ರೋನ್ ಬೇರೆ ತಾಕಿಗೆ ಹಾರಲಿ. ಹದಿನಾಲ್ಕು ಅಕ್ಕನದೇ. ಯಂತ್ರಕ್ಕೆ ಬೆರಕೆ ಕಾಣುತ್ತೆ. ಯಾವ ಬೆರಕೆಯನ್ನ ಬಿಡಬೇಕು ಅನ್ನೋದು ಕಾಣಲ್ಲ.”

ಅವಳ ಎದೆಯ ಮೇಲಿದ್ದ ಭಾರ ಇಳಿಯಿತು. ಇಳಿದದ್ದೇ ತಡ, ಅನುಮಾನ ಏರಿತು. ಇಷ್ಟು ಸಲೀಸಾಗಿ ಯಾರೂ ಯಾರಿಗೂ ಏನೂ ಕೊಡುವುದಿಲ್ಲ.

ದಪ್ಪ ಕನ್ನಡಕದ ಹಿರಿಯರು ಡೈರಿ ತೆರೆದು ಪೆನ್ನಿನ ಮುಚ್ಚಳ ತೆಗೆದರು. “ನಮ್ಮ ವರದಿಗೆ ಒಂದೇ ಒಂದು ಮಾತು ಬೇಕು ಅಮ್ಮ. ನಿಮ್ಮ ಕಣ್ಣಿಗೆ ಬಿದ್ದ ಬೆರಕೆ ಗಿಡ ಉಳಿಯಲ್ಲ ಅಂತಾರೆ. ಹಾಗಿದ್ದೂ ಆವತ್ತು ಹತ್ತೊಂಬತ್ತನೇ ಸಾಲಲ್ಲಿ ಆ ಒಂದು ಗಿಡವನ್ನ ಕೀಳದೆ ಬಿಟ್ಟಿರಿ. ಅದರಲ್ಲಿ ನೀವು ಕಂಡದ್ದೇನು?”

ಡಾಕ್ಟರಮ್ಮ ಮುಂದಕ್ಕೆ ಬಾಗಿ, ಹೇಳಿ ಅಕ್ಕ ಎನ್ನುವಂತೆ ನೋಡುತ್ತಿದ್ದರು. ಕಷ್ಟದ ಕೆಲಸವೇನಲ್ಲ. ಸುಮ್ಮನೆ ಒಂದು ನಗು, ತಗ್ಗಿಸಿದ ತಲೆ, ‘ಏನೋ ಬಿಡಬೇಕು ಅನ್ನಿಸ್ತು’ ಎಂಬ ಒಂದು ಮಾತು; ಹೊಲವೂ ಉಳಿಯಿತು, ಹೆಸರೂ ಉಳಿಯಿತು. ಅವಳು ಆ ಮಾತನ್ನು ಮನಸ್ಸಿನಲ್ಲಿ ಒಮ್ಮೆ ನೆಟ್ಟು ನೋಡಿದಳು. ಚೆನ್ನಾಗಿಯೇ ನಿಂತಿತು. ತೆನೆ ತುಂಬಿತ್ತು, ಎತ್ತರವೂ ಸರಿ. ಆದರೆ ಸಾಲಿನಲ್ಲಿ ಕೂತ ರೀತಿ ಸರಿಯಿರಲಿಲ್ಲ. ಮೂವತ್ತೊಂದು ವರ್ಷ ಅಂಥದ್ದನ್ನು ಕಂಡು ಮುಂದೆ ನಡೆದವಳಲ್ಲ ಅವಳು. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

“ಕಂಡಿದ್ರೆ ಬಿಡ್ತಿದ್ನಾ ಸಾರ್? ಆವತ್ತು ಗೋದಾಮಿಂದ ಕೊಟ್ಟ ಬೂಟು ಎರಡೂ ಎಡಗಾಲಿಂದು. ಹದಿನೆಂಟು ಸಾಲು ಮುಗಿಯೋ ಹೊತ್ತಿಗೆ ಬಲಗಾಲಲ್ಲಿ ಬೊಬ್ಬೆ ಬಂದಿತ್ತು. ಹತ್ತೊಂಬತ್ತಕ್ಕೆ ನಾನು ಹೋಗಲೇ ಇಲ್ಲ.”